ಏಳು ವರ್ಷದ ಮಗಳಿಗೆ ಬಾಳಿಕೆ ಬರುವ ಯುಕುಲೇಲೆ: ಯಾವ ಮರ?
ಕೋಲಾರದಲ್ಲಿ ಮಗಳ ಯುಕುಲೇಲೆಯ (ಗಿಟಾರಿನಂಥ, ನಾಲ್ಕು ತಂತಿಯ ಪುಟ್ಟ ವಾದ್ಯ) ಮೇಲ್ಹಲಗೆ ಏಪ್ರಿಲ್‌ನಲ್ಲಿ ಸೀಳಿತು, ಹೊಸದಕ್ಕೆ ಯಾವ ಮರ ಒಳ್ಳೆಯದು ಎಂದು ಕೇಳಿದ್ದೀರಿ. ಸೀಳಿದ್ದಕ್ಕೆ ಕಾರಣ ಬಹುಶಃ ಅಲ್ಲಿನ ಒಣಹವೆ, ಮಗಳ ಕೈಯಲ್ಲ. ಪೆಟ್ಟೂ ಬಿದ್ದಿರಬಹುದು, ಆದರೆ ಸೀಳು ಮರದ ಎಳೆಯ ಗುಂಟ ನೇರವಾಗಿದ್ದರೆ ಒಣಗಿದ್ದೆಂದೇ ನನ್ನ ಅನುಮಾನ. ಅಖಂಡ ಹಲಗೆಯ ವಾದ್ಯಗಳ ಕಾಟವೇ ಇದು.

ಹೊಸದನ್ನು ಕೊಳ್ಳುವಾಗ ಮೊದಲು ನಡುವಿನ ರಂಧ್ರದ ಅಂಚನ್ನು ನೋಡಿ. ಚಿರೋಟಿಯಂತೆ ಪದರಗಳು ಕಂಡರೆ ಅದು ಲ್ಯಾಮಿನೇಟ್, ಅಂದರೆ ತೆಳು ಮರದ ಪದರಗಳನ್ನು ಅಂಟಿಸಿದ ಹಲಗೆ. ಅದನ್ನೇ ಆರಿಸಿ, ಮಹಾಗನಿಯದಾದರೆ ಸಾಕು: ಪದರಗಳ ಎಳೆಗಳು ಅಡ್ಡಡ್ಡವಾಗಿರುವುದರಿಂದ ಸುಲಭಕ್ಕೆ ಸೀಳುವುದಿಲ್ಲ. ಹವಾಯಿಯ ಕೋವಾ ಮರದ ನಾದ ಸೊಗಸು, ಆದರೆ ದುಬಾರಿ. ಮಂಚದ ಕೆಳಗೆ ತಳ್ಳುವ ವಯಸ್ಸಿಗೆ ಬೇಡ. ಅಳತೆಯಲ್ಲಿ 21 ಇಂಚಿನ ಸೊಪ್ರಾನೊ, ಕೈ ಎಟುಕಿದರೆ 23 ಇಂಚಿನ ಕಾನ್ಸರ್ಟ್.

ಹಣ ಕೊಡುವ ಮುನ್ನ ಶ್ರುತಿ ಮಾಡಿಸಿ, ಪ್ರತಿ ತಂತಿಯನ್ನೂ 12ನೇ ಮೆಟ್ಟಿನಲ್ಲಿ (ಫ್ರೆಟ್) ಒತ್ತಿ ಮೀಟಿ. ಬಿಡಿ ತಂತಿಯ ಸ್ವರವೇ ಮೇಲಿನ ಸ್ಥಾಯಿಯಲ್ಲಿ ಬರಬೇಕು. ಅಪಸ್ವರವಾದರೆ ಬೇರೆಯದನ್ನು ಕೇಳಿ.