ಎರಡು ರೊಟ್ಟಿಯ ಖರ್ಚು

ಹೊಲದ ತಕರಾರು ಎಂದು ಹೇಳಿಕೊಂಡು ನನ್ನ ಬಳಿಗೆ ಬರುವವರು ಕಡಿಮೆ. ನಿದ್ದೆ ಬರುವುದಿಲ್ಲ, ಎದೆ ಹೊಡೆದುಕೊಳ್ಳುತ್ತದೆ, ಊಟ ಸೇರುವುದಿಲ್ಲ ಎಂದು ಬರುತ್ತಾರೆ. ವೈದ್ಯರು ರಕ್ತ, ಇಸಿಜಿ ಎಲ್ಲವನ್ನೂ ನೋಡಿ, ಏನೂ ಇಲ್ಲವೆಂದು ಇತ್ತ ಕಳುಹಿಸಿರುತ್ತಾರೆ. ಎರಡನೆಯ ಭೇಟಿಯಲ್ಲೋ ಮೂರನೆಯದರಲ್ಲೋ ಚೀಲದ ತಳದಿಂದ ನಾಲ್ಕಾಗಿ ಮಡಚಿದ ಪಹಣಿ ಹೊರಗೆ ಬರುತ್ತದೆ. ಕಲಬುರಗಿಯಲ್ಲಿ ಆಪ್ತಸಲಹೆಗೆ ಕುಳಿತ ಮೇಲೆ ಇಂಥ ಪಹಣಿಗಳನ್ನು ಎಷ್ಟು ನೋಡಿದ್ದೇನೆಂದರೆ, ಐವತ್ತರ ಆಸುಪಾಸಿನ ಹೆಣ್ಣುಮಗಳು ನಿದ್ದೆಯಿಲ್ಲ ಎಂದ ಕೂಡಲೇ ‘ತಂದೆ ಇದ್ದಾರೆಯೇ?’ ಎಂದು ಕೇಳುವುದು ನನಗೆ ರೂಢಿಯಾಗಿಬಿಟ್ಟಿದೆ.

ಈ ಪ್ರಕರಣದಲ್ಲಿ ಆ ಪ್ರಶ್ನೆ ಕೇಳಿದೆ. ಅದರ ಪಕ್ಕದಲ್ಲೇ ಇದ್ದ ಇನ್ನೊಂದನ್ನು ಕೇಳಲಿಲ್ಲ. ಅದಕ್ಕಾಗಿಯೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಊರು, ವಯಸ್ಸು, ಹೊಲದ ಅಳತೆ ಬದಲಿಸಿದ್ದೇನೆ. ಅಣ್ಣ ತಂಗಿ ಇಬ್ಬರ ಒಪ್ಪಿಗೆಯೂ ಇದೆ.

ಆಕೆಗೆ ಐವತ್ತೆರಡು ವರ್ಷ. ತವರು ಭೀಮಾ ನದಿಯ ಕಡೆಯ ಹಳ್ಳಿ. 1991ರಲ್ಲಿ ಯಾದಗಿರಿ ಕಡೆಗೆ ಮದುವೆಯಾಗಿತ್ತು. ಅಜ್ಜನ ಕಾಲದಿಂದ ಬಂದ ಹನ್ನೊಂದು ಎಕರೆ ಎರೆ ಹೊಲ, ಒಬ್ಬನೇ ಅಣ್ಣ. ತಂದೆ ತೀರಿಕೊಂಡ ಎರಡನೆಯ ವರ್ಷ ನಾಗರ ಪಂಚಮಿಗೆ ಅಣ್ಣನೇ ಬಂದು ಕರೆದುಕೊಂಡು ಹೋದ. ಹಬ್ಬ ಮಾಡಿ, ಉಡಿ ತುಂಬಿ, ಮರುದಿನ ಬೆಳಿಗ್ಗೆ ಚಹಾದ ಜೊತೆಗೆ ಹಕ್ಕು ಬಿಡುಗಡೆ ಪತ್ರವನ್ನು ಮುಂದಿಟ್ಟ. ‘ಮನೆಯವರನ್ನು ಕೇಳಿ ಬರುತ್ತೇನೆ’ ಎಂದು ಹೇಳಿ ಆಕೆ ಬಸ್ ಹತ್ತಿದಳು. ಗಂಡನಿಗೆ ಆ ವಿಷಯವನ್ನು ಇಂದಿಗೂ ಹೇಳಿಲ್ಲ ಎಂದಳು. ಹೇಳಿದರೆ ಅವರು ಪಾಲು ಕೇಳು ಎನ್ನುತ್ತಾರೆ, ಕೇಳಿದರೆ ತವರು ಹೋಗುತ್ತದೆ. ಸಹಿ ಹಾಕಿದರೆ ತನ್ನ ಹೊಟ್ಟೆಯೊಳಗೇ ಏನೋ ಹೋಗುತ್ತದೆ. ನಿದ್ದೆ ಎಲ್ಲಿಂದ ಬರಬೇಕು?

ಮೂರನೆಯ ಭೇಟಿಗೆ ಅಣ್ಣನನ್ನೂ ಕರೆಸಿದೆ. ಹೊಡೆತ, ಬೆದರಿಕೆ ಇರುವ ಮನೆಯಾಗಿದ್ದರೆ ಇಬ್ಬರನ್ನು ಒಟ್ಟಿಗೆ ಕೂರಿಸುವುದಿಲ್ಲ. ಇಲ್ಲಿ ಅದಿರಲಿಲ್ಲ. ಬಂದವನು ಬಿಸಿಲಿಗೆ ಸುಟ್ಟ ಮುಖದ, ಮೆತ್ತಗೆ ಮಾತನಾಡುವ ರೈತ. ಕೈಯಲ್ಲಿ ಇನ್ನೂರು ಪುಟದ ಒಂದು ನೋಟ್‌ಬುಕ್ ಇತ್ತು. ಕುಳಿತವನೇ ಓದತೊಡಗಿದ. ತಂಗಿಯ ಮದುವೆಯ ಖರ್ಚು, ಮೂರು ತೊಲೆ ಬಂಗಾರ, ಎರಡು ಬಾಣಂತನ, ಪ್ರತಿ ಪಂಚಮಿಯ ಸೀರೆ, ಅಪ್ಪನನ್ನು ಸೊಲ್ಲಾಪುರದ ಆಸ್ಪತ್ರೆಯಲ್ಲಿಟ್ಟ ಹತ್ತೊಂಬತ್ತು ದಿನ. ಪ್ರತಿ ಸಾಲಿನ ಎದುರಿಗೂ ರೂಪಾಯಿ, ಪುಟದ ಕೊನೆಗೆ ಮೊತ್ತ. ‘ಅವಳ ಪಾಲು ಇದರಲ್ಲೇ ಮುಗಿದಿದೆ ಮೇಡಂ. ಮೇಲಾಗಿ 1994ಕ್ಕಿಂತ ಮೊದಲು ಮದುವೆಯಾದವರಿಗೆ ಹೊಲದಲ್ಲಿ ಹಕ್ಕಿಲ್ಲವಂತೆ’ ಎಂದ.

ಈ 1994ರ ಮಾತು ನಮ್ಮ ಹಳ್ಳಿಗಳಲ್ಲಿ ಇನ್ನೂ ಜೀವಂತವಾಗಿದೆ. ಅದು ಸುಳ್ಳಿನಿಂದ ಹುಟ್ಟಿದ್ದಲ್ಲ. ಆ ವರ್ಷ ಹಿಂದೂ ಉತ್ತರಾಧಿಕಾರ ಕಾಯಿದೆಗೆ ಕರ್ನಾಟಕ ತಂದ ತಿದ್ದುಪಡಿ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟರೂ ಅಷ್ಟರೊಳಗೆ ಮದುವೆಯಾಗಿದ್ದವರನ್ನು ಹೊರಗಿಟ್ಟಿತ್ತು, ನಿಜ. ಆದರೆ 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಂತೆ ಹುಟ್ಟಿನಿಂದಲೇ ಹಕ್ಕು ಕೊಟ್ಟಿತು. ಮದುವೆ ಯಾವಾಗ ಆಯಿತು ಎಂಬುದನ್ನು ಅದು ಕೇಳುವುದಿಲ್ಲ. ಆ ದಿನ ತಂದೆ ಬದುಕಿರಲೇಬೇಕು ಎಂದೇನೂ ಇಲ್ಲವೆಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರ ತೀರ್ಪಿನಲ್ಲಿ ಹೇಳಿ ಉಳಿದ ಗೊಂದಲವನ್ನೂ ತೆಗೆಯಿತು. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ನೋಂದಣಿಯಾದ ವಾಟ್ನಿಯೋ (ಆಸ್ತಿ ಹಂಚಿಕೆ) ಕೋರ್ಟಿನ ಡಿಕ್ರಿಯೋ ಆಗಿದ್ದರೆ ಅದನ್ನು ಮತ್ತೆ ಕೆದಕಲು ಬರುವುದಿಲ್ಲ. ಈ ಮನೆಯಲ್ಲಿ ವಾಟ್ನಿಯೇ ಆಗಿರಲಿಲ್ಲ. ಇಷ್ಟನ್ನು ಹೇಳಿದಾಗ ಅಣ್ಣ ನನ್ನೊಡನೆ ಜಗಳವಾಡಲಿಲ್ಲ. ನೋಟ್‌ಬುಕ್ಕನ್ನು ಮುಚ್ಚಿ ತೊಡೆಯ ಮೇಲಿಟ್ಟುಕೊಂಡ, ಅಷ್ಟೆ.

ಅಲ್ಲಿಯತನಕ ನೆಲ ನೋಡುತ್ತಿದ್ದ ತಂಗಿ ಕೈ ಚಾಚಿ, ‘ಕೊಡು ಅಣ್ಣಾ, ನೋಡುತ್ತೇನೆ’ ಎಂದಳು. ಬೆರಳು ಒದ್ದೆ ಮಾಡಿಕೊಂಡು ಒಂದೊಂದೇ ಹಾಳೆ ತಿರುವಿದಳು. ತನ್ನ ಹೆಸರಿನ ಪುಟಗಳಲ್ಲಿ ನಿಲ್ಲಲಿಲ್ಲ. ಕೊನೆಯ ಪುಟಕ್ಕೆ ಬಂದು ಕೇಳಿದಳು: ‘ಇದರಲ್ಲಿ ಅವ್ವನ ಖರ್ಚು ಎಲ್ಲಿದೆ?’

‘ಅವ್ವನಿಗೇನು ಖರ್ಚು? ಎರಡು ರೊಟ್ಟಿ.’

ಆ ಮಾತನ್ನು ಆತ ಕಟುವಾಗಿ ಆಡಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳುವ ದನಿಯಲ್ಲಿಯೇ ಹೇಳಿದ. ಹೇಳಿದ ಮೇಲೆ ಅವನ ಕಿವಿಗೂ ಅದು ಬಿದ್ದಿರಬೇಕು. ಟವೆಲ್ಲಿನಿಂದ ಮುಖ ಒರೆಸಿಕೊಂಡ, ಮತ್ತೆ ಒರೆಸಿಕೊಂಡ. ಸ್ವಲ್ಪ ಹೊತ್ತಿನ ಮೇಲೆ ತಾನಾಗಿಯೇ, ‘ಅವ್ವ ಹೆಬ್ಬೆಟ್ಟು ಒತ್ತಿ ಕೊಟ್ಟಿದ್ದಾಳೆ. ಪಂಚಮಿಗಿಂತ ಮುಂಚೆಯೇ’ ಎಂದ. ತಂಗಿಗೆ ಇದು ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಮೊದಲ ಭೇಟಿಯಲ್ಲಿ ನಾನೇ ಬರೆದ ಕುಟುಂಬದ ನಕ್ಷೆ ಮೇಜಿನ ಮೇಲಿತ್ತು. ಅಪ್ಪ, ಅಣ್ಣ, ತಂಗಿ, ಅಳಿಯ, ಮೊಮ್ಮಕ್ಕಳು ಎಲ್ಲರ ಪಕ್ಕದಲ್ಲೂ ಟಿಪ್ಪಣಿಯಿತ್ತು. ಅವ್ವನ ಹೆಸರಿನ ಮುಂದೆ ‘ಮಗನೊಂದಿಗೆ’ ಎಂಬ ಒಂದೇ ಪದ. ಎರಡು ಭೇಟಿಯುದ್ದಕ್ಕೂ ಇದು ಅಣ್ಣ ತಂಗಿಯ ವ್ಯಾಜ್ಯವೆಂದೇ ನಾನು ನಂಬಿದ್ದೆ. ಗಂಡನ ಪಾಲಿನಲ್ಲಿ ಮಕ್ಕಳಷ್ಟೇ ಹಕ್ಕುಳ್ಳ ಎಪ್ಪತ್ತೈದರ ಮುದುಕಿಯನ್ನು ಅವರು ಮರೆತಿದ್ದರು, ಅವರ ಜೊತೆಗೆ ನಾನೂ ಮರೆತಿದ್ದೆ.

ಅಣ್ಣನ ಅವಸರ ಏಕೆಂದು ಕೇಳಿದ್ದು ಆಮೇಲೆ. ಆಸೆಗಿಂತ ಹೆದರಿಕೆ ದೊಡ್ಡದಿತ್ತು. ಹಿಂದೊಂದು ವರ್ಷ ತೊಗರಿ ಹೂವಾಡುವ ಹೊತ್ತಿಗೆ ನೆಟೆ ರೋಗ ಬಂದು ಅರ್ಧ ಹೊಲ ನಿಂತಲ್ಲೇ ಒಣಗಿತ್ತು. ಪಹಣಿ ಇನ್ನೂ ತೀರಿಕೊಂಡವರ ಹೆಸರಿನಲ್ಲಿದ್ದುದರಿಂದ ಸೊಸೈಟಿಯಲ್ಲಿ ಹೊಸ ಬೆಳೆ ಸಾಲ ಹುಟ್ಟುತ್ತಿರಲಿಲ್ಲ. ತಂಗಿ ಹಕ್ಕು ಬಿಡದೆ ಖಾತೆ ಆಗುವುದಿಲ್ಲವೆಂದು ಪತ್ರ ಬರೆಯುವವರೊಬ್ಬರು ತಲೆಗೆ ತುಂಬಿದ್ದರು. ಇದು ಶುದ್ಧ ತಪ್ಪು ತಿಳಿವಳಿಕೆ, ಇದರಿಂದಲೇ ಎಷ್ಟೋ ತವರುಗಳು ಒಡೆಯುತ್ತಿವೆ. ಮರಣ ಪ್ರಮಾಣಪತ್ರ, ವಂಶವೃಕ್ಷ ಇಟ್ಟು ನಾಡಕಚೇರಿಯಲ್ಲಿ ಅರ್ಜಿ ಕೊಟ್ಟರೆ ಪೌತಿ ಖಾತೆ ವಾರಸುದಾರರೆಲ್ಲರ ಹೆಸರಿಗೆ ಜಂಟಿಯಾಗಿ ಆಗುತ್ತದೆ. ಅದಕ್ಕೆ ಯಾರೂ ಹಕ್ಕು ಬಿಡಬೇಕಾಗಿಲ್ಲ.

ಹಾಗಾಗಿ ನಾನು ಕೊಟ್ಟ ಸಲಹೆ ಹೀಗಿತ್ತು. ಹಕ್ಕು ಬಿಡುಗಡೆಯ ಮಾತನ್ನು ಒಂದು ವರ್ಷ ಯಾರೂ ಎತ್ತಬಾರದು. ಅವ್ವ, ಅಣ್ಣ, ತಂಗಿ ಮೂವರ ಹೆಸರಿಗೂ ಪೌತಿ ಖಾತೆ ಆಗಲಿ. ಜಂಟಿ ಖಾತೆಯ ಮೇಲೆ ಸಾಲ ಎತ್ತಲು ಉಳಿದವರ ಒಪ್ಪಿಗೆ ಕೇಳಿದರೆ ತಂಗಿ ಬಂದು ಸಹಿ ಹಾಕಲಿ, ಇದು ಆಕೆ ಅಣ್ಣನಿಗೆ ಕೊಡುವ ಆಸರೆ. ಹೊಲವನ್ನು ಅಣ್ಣನೇ ಮಾಡಲಿ, ತಂಗಿಯ ಪಾಲಿಗೆ ಊರಿನ ದರದಂತೆ ಲಾವಣಿ (ಹೊಲದ ಗುತ್ತಿಗೆ ಹಣ) ಗೊತ್ತುಮಾಡಿ ಕಾಗದದಲ್ಲಿ ಬರೆದಿಡಲಿ. ಬೆಳೆ ಹೋದ ವರ್ಷ ಆಕೆ ಲಾವಣಿ ಬಿಟ್ಟುಕೊಟ್ಟರೆ ಅದೂ ಬರೆದಿರಲಿ. ಅವ್ವನ ಪಾಲಿನ ತೊಗರಿಯ ಹಣ ಅವ್ವನ ಪಾಸ್‌ಬುಕ್‌ಗೇ ಹೋಗಲಿ. ಅವ್ವ ಒತ್ತಿದ ಹೆಬ್ಬೆಟ್ಟು ಬರೀ ಬಾಂಡ್ ಕಾಗದದ ಮೇಲಿತ್ತು, ನೋಂದಣಿಯಾಗಿರಲಿಲ್ಲ. 1908ರ ನೋಂದಣಿ ಕಾಯಿದೆಯ ಪ್ರಕಾರ ಇಂಥ ಕಾಗದದಿಂದ ಹೊಲದ ಹಕ್ಕು ಕೈಬಿಟ್ಟು ಹೋಗುವುದಿಲ್ಲ. ಮುಂದೆ ಆಕೆ ತನ್ನ ಪಾಲನ್ನು ಯಾರಿಗಾದರೂ ಬರೆದುಕೊಡುವುದಾದರೆ, ತನ್ನನ್ನು ನೋಡಿಕೊಳ್ಳಬೇಕೆಂಬ ಷರತ್ತು ಅದೇ ಪತ್ರದಲ್ಲಿ ಇರಲೇಬೇಕೆಂದು ಒತ್ತಿ ಹೇಳಿದೆ. ಷರತ್ತಿದ್ದು ಅದನ್ನು ನಡೆಸದಿದ್ದರೆ, 2007ರ ಹಿರಿಯ ನಾಗರಿಕರ ಕಾಯಿದೆಯಡಿ ಉಪವಿಭಾಗಾಧಿಕಾರಿಯ ಮುಂದೆ ಹೋಗಿ ಆ ಪತ್ರವನ್ನು ರದ್ದು ಮಾಡಿಸಬಹುದು. ಷರತ್ತಿಲ್ಲದೆ ಬರೆದುಕೊಟ್ಟು ಬಂದು ಅತ್ತ ತಾಯಂದಿರನ್ನು ನಾನು ನೋಡಿದ್ದೇನೆ.

ಈ ಸಲಹೆಗೆ ಎರಡೂ ಕಡೆಯಿಂದ ಮಾತು ಕೇಳಿದ್ದೇನೆ. ನೀವು ತವರು ಒಡೆಯುತ್ತೀರಿ ಎಂದರು ಊರ ಹಿರಿಯರು. ತವರು ಇರಬೇಕೆಂದೇ ನಾನು ಸಹಿ ತಡೆದದ್ದು. ಮನಸ್ಸಿಲ್ಲದೆ ಸಹಿ ಹಾಕಿ ಹೋದ ಹೆಣ್ಣುಮಗಳು ಮುಂದಿನ ಪಂಚಮಿಗೆ ಬರುವುದಿಲ್ಲ, ಬಂದರೂ ಉಂಡ ಅನ್ನ ಅವಳ ಮೈಗೆ ಹತ್ತುವುದಿಲ್ಲ. ಪೂರ್ತಿ ಮನಸ್ಸಿನಿಂದ ಬಿಟ್ಟುಕೊಡುವವರು ಇದ್ದಾರೆ, ಅವರನ್ನು ನಾನು ತಡೆಯುವುದಿಲ್ಲ. ಮೊದಲು ಪಹಣಿಯಲ್ಲಿ ಹೆಸರು ಬರಲಿ, ಆಮೇಲೆ ಕೊಡುವುದೋ ಬಿಡುವುದೋ ಯೋಚಿಸಿ ಎನ್ನುತ್ತೇನೆ, ಅಷ್ಟೆ. ಇತ್ತ ನನ್ನ ಸಹೋದ್ಯೋಗಿಯೊಬ್ಬರು, ಆಕೆಯಿಂದ ತಕ್ಷಣ ಪಾಲಿನ ದಾವೆ ಹಾಕಿಸಬೇಕಿತ್ತು, ನೀವು ಅಣ್ಣನಿಗೆ ಒಂದು ವರ್ಷ ಉಡುಗೊರೆ ಕೊಟ್ಟಿರಿ ಎಂದರು. ಅಣ್ಣ ಹೊಲ ಮಾರಲು ಓಡಾಡುತ್ತಿದ್ದರೆ ಅದೇ ದಿನ ತಡೆಯಾಜ್ಞೆಗೆ ಕಳುಹಿಸುತ್ತಿದ್ದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ವಕೀಲರ ನೆರವು ಉಚಿತ. ಅದನ್ನು ಆಕೆಗೂ ಬರೆದುಕೊಟ್ಟಿದ್ದೇನೆ. ಆದರೆ ಪಾಲಿನ ದಾವೆಯಲ್ಲಿ ಮೊದಲ ಡಿಕ್ರಿ, ಅಂತಿಮ ಡಿಕ್ರಿ, ಅಳತೆ, ಮೇಲ್ಮನವಿ ಎಲ್ಲ ಮುಗಿಯುವವರೆಗೆ ಎಪ್ಪತ್ತೈದರ ಅವ್ವನನ್ನು ಯಾರು ಕಾಯಿಸುತ್ತಾರೆ? ಈ ಮನೆಯಲ್ಲಿ ಸಮಯ ಕಡಿಮೆ ಇದ್ದದ್ದು ಅವಳಿಗೆ.

ಎಲ್ಲವೂ ಸರಿಹೋಗಿದೆ ಎಂದರೆ ಸುಳ್ಳಾಗುತ್ತದೆ. ಅಣ್ಣನ ಮಗ ಅತ್ತೆಯೊಂದಿಗೆ ಇನ್ನೂ ಮಾತು ಬಿಟ್ಟಿದ್ದಾನೆ. ತಂಗಿಗೆ ನಿದ್ದೆ ಬರುತ್ತಿದೆ, ಗಂಡನಿಗೆ ಹೇಳುವ ಧೈರ್ಯ ಬಂದಿಲ್ಲ. ಖಾತೆ ಮೂವರ ಹೆಸರಿಗೂ ಆಗಿದೆ. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಲು ಅಣ್ಣ ಆಕೆಯನ್ನು ಕರೆದಿದ್ದ, ಆಕೆ ಸಜ್ಜೆ ರೊಟ್ಟಿ, ಭಜ್ಜಿ ಕಟ್ಟಿಕೊಂಡು ಹೋಗಿದ್ದಳು.

ಕೊನೆಯ ಭೇಟಿಗೆ ಅಣ್ಣ ಒಬ್ಬನೇ ಬಂದ, ಅದೇ ನೋಟ್‌ಬುಕ್ ಹಿಡಿದುಕೊಂಡು. ಹರಿದು ಹಾಕಲೇ ಎಂದು ಕೇಳಿದ. ಬೇಡ, ಅದರಲ್ಲಿ ನಿನ್ನ ದುಡಿಮೆಯೂ ಇದೆ ಎಂದೆ. ಹಿಂದಿನ ರಟ್ಟಿನ ಕಡೆಯಿಂದ ಒಂದು ಹಾಳೆ ಬಿಚ್ಚಿ ತೋರಿಸಿದ. ಮೇಲೆ ‘ಅವ್ವ’ ಎಂದು ಬರೆದು ಕೆಳಗೆ ಗೆರೆ ಎಳೆದಿದ್ದ. ಮೊದಲ ಸಾಲು: ಎಡಗಣ್ಣಿನ ಪೊರೆ, ಡಾಕ್ಟರಿಗೆ ತೋರಿಸಿದ್ದು, ಬಸ್ ಚಾರ್ಜು ಇಬ್ಬರದು.