ಸಿಪಿಎಲ್ ಮುಗಿದ ಕೂಡಲೇ ಫ್ಲೈಟ್ ಇನ್‌ಸ್ಟ್ರಕ್ಟರ್ ಆಗಬಹುದೇ?

200 ಗಂಟೆ ಹಾರಿ ಸಿಪಿಎಲ್, ಅಂದರೆ ಕಮರ್ಷಿಯಲ್ ಪೈಲಟ್ ಲೈಸೆನ್ಸ್ ತಗೊಂಡಿದ್ದೀರಿ. ಏರ್‌ಲೈನ್ ಕರೆಯೋವರೆಗೆ ಬೆಂಗಳೂರಲ್ಲೇ ಯಾವುದಾದರೂ ಫ್ಲೈಯಿಂಗ್ ಸ್ಕೂಲಲ್ಲಿ ಕಲಿಸಬಹುದಾ, ಅದಕ್ಕೆ ಅರ್ಹತೆ ಏನು ಅಂತ ಕೇಳಿದ್ದೀರಿ. ಸಿಪಿಎಲ್ ಒಂದರ ಮೇಲೆ ಆಗಲ್ಲ. ಈ ಊರಲ್ಲೇ ಕೆಲವು ವರ್ಷ ಬಲಗಡೆ ಸೀಟಲ್ಲಿ, ಅಂದರೆ ಇನ್‌ಸ್ಟ್ರಕ್ಟರ್ ಸೀಟಲ್ಲಿ ಕೂತು ಕಲಿಸಿದ್ದೀನಿ, ಆ ಅನುಭವದ ಮೇಲೆ ಹೇಳ್ತೀನಿ.

ನಮ್ಮಲ್ಲಿ ಎರಡು ಮೆಟ್ಟಿಲು. ಮೊದಲು ಅಸಿಸ್ಟೆಂಟ್ ಫ್ಲೈಟ್ ಇನ್‌ಸ್ಟ್ರಕ್ಟರ್ ರೇಟಿಂಗ್ (ಲೈಸೆನ್ಸ್ ಮೇಲೆ ಸಿಗೋ ಹೆಚ್ಚುವರಿ ಅರ್ಹತೆ), ಆಮೇಲೆ ಪೂರ್ಣ ಫ್ಲೈಟ್ ಇನ್‌ಸ್ಟ್ರಕ್ಟರ್ ರೇಟಿಂಗ್. ಎರಡಕ್ಕೂ ಬೇಕಾದ ಗಂಟೆ, ಪರೀಕ್ಷೆ ಎಲ್ಲ ವಿಮಾನ ನಿಯಮಗಳು 1937ರ ಎರಡನೇ ಅನುಸೂಚಿಯಲ್ಲಿವೆ. ತಿದ್ದುಪಡಿ ಆಗ್ತಾನೇ ಇರುತ್ತೆ, ಹಾಗಾಗಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ಜಾಲತಾಣದಲ್ಲೇ ಓದಿ; ಹಾಸ್ಟೆಲ್ ಕಟ್ಟೆಯ ಲೆಕ್ಕ ನಂಬಬೇಡಿ. ಅಸಿಸ್ಟೆಂಟ್ ಆದವರು ಪೂರ್ಣ ಇನ್‌ಸ್ಟ್ರಕ್ಟರ್ ಒಬ್ಬರ ಮೇಲ್ವಿಚಾರಣೆಯಲ್ಲೇ ಕಲಿಸಬೇಕು. ವಿದ್ಯಾರ್ಥಿಯನ್ನು ಮೊದಲ ಸೋಲೋಗೆ, ಅಂದರೆ ಒಬ್ಬನೇ ಹಾರೋಕೆ ಬಿಡುವ ತೀರ್ಮಾನ ಅಸಿಸ್ಟೆಂಟ್ ಆದವರದಲ್ಲ.

ಯುರೋಪಿನಲ್ಲೂ ಹೀಗೇ: 100 ಗಂಟೆ ಕಲಿಸಿ, 25 ಸೋಲೋ ಹಾರಾಟಗಳ ಮೇಲ್ವಿಚಾರಣೆ ಮಾಡುವ ತನಕ ಹೊಸಬರ ಮೇಲೆ ನಿರ್ಬಂಧ ಇರುತ್ತೆ. ಅಮೆರಿಕದಲ್ಲಿ ಹೊಸ ಇನ್‌ಸ್ಟ್ರಕ್ಟರ್ ಮೊದಲ ದಿನದಿಂದಲೇ ಸೋಲೋಗೆ ಸಹಿ ಹಾಕಬಹುದು. ನನಗೇನೋ ನಮ್ಮ ಪದ್ಧತಿಯೇ ಸರಿ ಅನಿಸುತ್ತೆ. ಹುಡುಗ ಒಬ್ಬನೇ ಇಳಿಸಬಲ್ಲನಾ ಅನ್ನೋದನ್ನ ಲಾಗ್‌ಬುಕ್ ನೋಡಿ ಹೇಳೋಕೆ ಬರಲ್ಲ.

ಗಂಟೆ ಹೇಗೋ ಸೇರುತ್ತೆ, ಕಷ್ಟ ಇರೋದು ಬಲಗಡೆ ಸೀಟಲ್ಲಿ. ಸೆಸ್ನಾ 152ರಲ್ಲಿ ಇಷ್ಟು ದಿನ ಎಡಗೈಲಿ ಯೋಕ್ (ವಿಮಾನವನ್ನ ತಿರುಗಿಸೋ, ಏರಿಸಿಳಿಸೋ ಹಿಡಿ), ಬಲಗೈಲಿ ಥ್ರಾಟಲ್ (ಎಂಜಿನ್ ಶಕ್ತಿಯ ಹಿಡಿ) ಹಿಡಿದವರು ಈಗ ಅದಲು ಬದಲು. ಮುಖ್ಯ ಮೀಟರ್‌ಗಳೆಲ್ಲ ಎಡಗಡೆ ಇರೋದರಿಂದ ಮುಳ್ಳುಗಳನ್ನು ಓರೆಯಿಂದ ಓದಬೇಕು. ಮೂತಿಯ ನೇರ ತಪ್ಪಿ, ಸುಲಭದ ಲ್ಯಾಂಡಿಂಗ್ ಕೂಡ ಸೊಟ್ಟ ಆಗುತ್ತೆ. ಇದರ ಜೊತೆಗೆ ಒಂದೇ ಸಮ ಮಾತಾಡ್ತಿರಬೇಕು, ಅದನ್ನೇ ಪ್ಯಾಟರ್ ಅನ್ನೋದು. ಕೈ ಮಾಡ್ತಿರೋದನ್ನ ಬಾಯಿ ಅದೇ ಕ್ಷಣ ಹೇಳಬೇಕು. ಮಾತು ಅರ್ಧ ಸೆಕೆಂಡ್ ಹಿಂದೆ ಬಿದ್ದರೂ ಪಕ್ಕದವನಿಗೆ ಏನೂ ಹತ್ತಲ್ಲ.

ಇನ್ನು ತಪ್ಪು ಹಿಡಿಯೋದು. ವಿದ್ಯಾರ್ಥಿ ಫ್ಲೇರ್ ಮಾಡುವಾಗ, ಅಂದರೆ ನೆಲ ಮುಟ್ಟೋ ಮುಂಚೆ ಮೂತಿ ಎತ್ತುವಾಗ, ಯೋಕ್ ಜಾಸ್ತಿ ಎಳೆದ, ವಿಮಾನ ಮತ್ತೆ ಮೇಲೆದ್ದಿತು. 'ಎಳೀಬೇಡ' ಅಂದರೆ ಪಾಠ ಆಗಲಿಲ್ಲ. ಅವನ ಕಣ್ಣು ರನ್‌ವೇಯ ಹತ್ತಿರದ ತುಂಡಿನ ಮೇಲೇ ನೆಟ್ಟಿರಬಹುದು, ನೆಲ ಮೇಲೆ ನುಗ್ಗಿ ಬಂದಂತೆ ಕಂಡು ಹೆದರಿ ಎಳೆದಿರಬಹುದು. ದೃಷ್ಟಿಯನ್ನು ರನ್‌ವೇಯ ದೂರದ ತುದಿಗೆ ಒಯ್ದರೆ ಕೈ ತಾನೇ ಹತೋಟಿಗೆ ಬರುತ್ತೆ. ಇಲ್ಲಿ ಕಂಟ್ರೋಲ್ ಬೇಗ ಕಸಿದುಕೊಂಡರೆ ಅವನು ಕಲಿಯಲ್ಲ, ತಡ ಮಾಡಿದರೆ ನೋಸ್ ವೀಲ್ (ಮುಂದಿನ ಚಕ್ರ) ಉಳಿಯಲ್ಲ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮೊದಲನೇ ಅನುಬಂಧ ಇನ್‌ಸ್ಟ್ರಕ್ಟರ್‌ನಿಂದ ಕೇಳೋದೂ ಇದನ್ನೇ: ಮನುಷ್ಯ ಹೇಗೆ ಕಲೀತಾನೆ, ಪಾಠ ಹೇಗೆ ಯೋಜಿಸಬೇಕು, ತಪ್ಪನ್ನು ಹೇಗೆ ವಿಶ್ಲೇಷಿಸಿ ತಿದ್ದಬೇಕು, ಎಂಜಿನ್ ಫೇಲ್ಯೂರ್ ಅಭ್ಯಾಸ ಮಾಡಿಸುವಾಗ ಅಪಾಯ ಎಲ್ಲಿದೆ. ಯುರೋಪಿನ 125 ಗಂಟೆ ಥಿಯರಿಯಲ್ಲಿ 25 ಗಂಟೆ ಬರೀ ಬೋಧನಾ ಕಲೆಗೇ ಮೀಸಲು. ನಮ್ಮವರು ಈ ಭಾಗವನ್ನ ಬಾಯಿಪಾಠ ಮಾಡಿ ದಾಟಿಬಿಡ್ತಾರೆ, ಅದೇ ನನ್ನ ಬೇಸರ.

ಇನ್ನೊಂದು ಮಾತು, ಯಾವ ಸಿಲಬಸ್‌ನಲ್ಲೂ ಇಲ್ಲದ್ದು. ಹಾಸನ, ಕಲಬುರಗಿ ಕಡೆಯಿಂದ ಬರೋ ಮಕ್ಕಳಿಗೆ ಸ್ಟಾಲ್ (ರೆಕ್ಕೆ ಮೇಲೆತ್ತುವ ಬಲ ಕಳಕೊಳ್ಳೋದು) ಯಾಕಾಗುತ್ತೆ ಅನ್ನೋದನ್ನ ಬೋರ್ಡ್ ಮುಂದೆ ಕನ್ನಡದಲ್ಲೇ ಹೇಳಿ, ತಪ್ಪೇನಿಲ್ಲ. ರೇಡಿಯೋ ಮಾತ್ರ ಇಂಗ್ಲಿಷಲ್ಲೇ ಆಡಿಸಿ. ಬೆಂಗಳೂರಲ್ಲಿ ಹಾರಾಟ ಕಲಿಸೋ ಜಕ್ಕೂರು ಏರ್‌ಫೀಲ್ಡಿನ ಒಂದು ಪಕ್ಕ ಯಲಹಂಕ ವಾಯುನೆಲೆ, ಉತ್ತರಕ್ಕೆ ಕೆಂಪೇಗೌಡ ವಿಮಾನ ನಿಲ್ದಾಣ. ಈ ಆಕಾಶದಲ್ಲಿ ತಡವರಿಸೋಕೆ ಜಾಗ ಇಲ್ಲ.

ಬರೀ ಗಂಟೆಗೋಸ್ಕರ ಬರ್ತಿದ್ದರೂ ನಾನು ಬೇಡ ಅನ್ನಲ್ಲ. ಕಲಿಸುವಾಗಿನ ಸಮಯ ಪೈಲಟ್ ಇನ್ ಕಮಾಂಡ್ (ವಿಮಾನದ ಹೊಣೆ ಹೊತ್ತ ಪೈಲಟ್) ಅಂತಲೇ ದಾಖಲಾಗುತ್ತೆ, ಎಟಿಪಿಎಲ್, ಅಂದರೆ ಏರ್‌ಲೈನ್ ಟ್ರಾನ್ಸ್‌ಪೋರ್ಟ್ ಪೈಲಟ್ ಲೈಸೆನ್ಸಿನ 1500 ಗಂಟೆಗೂ ಸೇರುತ್ತೆ. ಆದರೆ ಫೀಸು ಕಟ್ಟೋ ಮುಂಚೆ ಸ್ಕೂಲಿಗೆ ಡಿಜಿಸಿಎ ಅನುಮತಿ ಇದೆಯಾ ನೋಡಿ. ನಿಮಗೆ ಬಲಗಡೆ ಸೀಟು ಕಲಿಸೋರು ಯಾರು, ಗ್ರೌಂಡ್ ಬ್ರೀಫಿಂಗ್ ಎಷ್ಟು ಗಂಟೆ, ವಿಮಾನ ವರ್ಕ್‌ಶಾಪಲ್ಲಿ ನಿಂತರೆ ಬದಲಿ ಇದೆಯಾ, ಇವನ್ನೆಲ್ಲ ಬರವಣಿಗೆಯಲ್ಲೇ ಕೇಳಿ ಪಡೀರಿ.