ಮುಖ ಉರಿಯುವಾಗ ಕೈ ಕಟ್ಟಿ ಕೂರುವುದು: ಒಂದು ಆಪ್ತಸಲಹೆ ಪ್ರಕರಣ

ಬಂದವರು ನಲವತ್ತರ ಆಸುಪಾಸಿನ ಮಹಿಳೆ, ಕಾಲೇಜಿನಲ್ಲಿ ಪಾಠ ಹೇಳುವವರು. (ಗುರುತು ಸಿಗದಿರಲೆಂದು ವಯಸ್ಸು, ಕೆಲಸ, ಮನೆಯ ವಿವರಗಳನ್ನು ಬದಲಿಸಿದೆ.) ಸಮಸ್ಯೆ ಏನು ಎಂಬ ಜಾಗದಲ್ಲಿ ಬರೆದಿದ್ದು ಒಂದೇ ಸಾಲು: ‘ತರಗತಿಗೆ ಹೋಗಲು ಭಯ.’ ಮಾತು ಮುಂದುವರಿದಂತೆ ಭಯದ ಬೇರು ಕೆನ್ನೆ, ಮೂಗಿನಲ್ಲಿದೆ ಎಂದು ತಿಳಿಯಿತು. ಎರಡು ವರ್ಷದಿಂದ ಪಾಠದ ನಡುವೆಯೇ ಮುಖಕ್ಕೆ ಬಿಸಿ ಏರುತ್ತದೆ, ಉರಿಯುತ್ತದೆ, ಕೆನ್ನೆಯ ಮೇಲೆ ಸಣ್ಣ ಗುಳ್ಳೆಗಳು ಏಳುತ್ತವೆ. ಸಹೋದ್ಯೋಗಿಯೊಬ್ಬರು ಒಮ್ಮೆ “ಅತ್ತು ಬಂದ್ರಾ?” ಎಂದು ಕೇಳಿದ್ದರಂತೆ. ಆಮೇಲೆ ಸಭೆಗಳಲ್ಲಿ ಹಿಂದಿನ ಸಾಲು, ಫೋಟೊ ಎಂದರೆ ಬೇಡ, ಎರಡು ತರಗತಿಗಳ ನಡುವೆ ಫೋನಿನ ಕ್ಯಾಮೆರಾದಲ್ಲಿ ಮುಖ ನೋಡಿಕೊಳ್ಳುವುದು ಅಭ್ಯಾಸವಾಗಿತ್ತು.

“ಏನು ಹಚ್ಚಿದ್ರೂ ಉರಿಯುತ್ತೆ, ಹಚ್ಚದೇ ಇದ್ರೂ ಉರಿಯುತ್ತೆ ಮೇಡಂ” ಎಂದರು. ಮುಂದಿನ ಭೇಟಿಗೆ ಮುಖಕ್ಕೆ ಬಳಸುವ ಪ್ರತಿಯೊಂದನ್ನೂ ತರಲು ಹೇಳಿದೆ. ಮುಖದ ಚರ್ಮದ ದೂರು ಹೊತ್ತು ಬರುವ ಯಾರಿಗೇ ಆಗಲಿ ಇದನ್ನು ಕೇಳುವುದು ಒಳ್ಳೆಯದು. ಬಾಯಿಮಾತಿನಲ್ಲಿ ‘ಒಂದು ಫೇಸ್‌ವಾಶ್, ಒಂದು ಕ್ರೀಮ್’ ಎನ್ನುವವರ ಚೀಲದಿಂದ ಹನ್ನೊಂದು ವಸ್ತುಗಳು ಹೊರಬರುವುದುಂಟು. ಇವರ ಚೀಲದಲ್ಲೂ ಅಷ್ಟೇ ಇದ್ದವು.

ಮೇಜಿನ ಮೇಲೆ ಸಾಲಾಗಿ ಇಟ್ಟು ಲೇಬಲ್ ಓದಿದೆವು. ನೊರೆ ಉಕ್ಕುವ ಫೇಸ್‌ವಾಶ್, ಅದರಲ್ಲಿ ಸೋಡಿಯಂ ಲಾರಿಲ್ ಸಲ್ಫೇಟ್ ಎಂಬ ಒರಟು ನೊರೆಕಾರಕ. ಹರಳು ಹರಳಾದ ಸ್ಕ್ರಬ್. ಹಚ್ಚಿದೊಡನೆ ತಣ್ಣಗೆನಿಸುವ ಟೋನರ್, ಅದರಲ್ಲಿ ಆಲ್ಕೋಹಾಲ್ ಮತ್ತು ಮೆಂಥಾಲ್. ಚರ್ಮದ ಮೇಲ್ಪದರ ಸುಲಿಯುವ ಗ್ಲೈಕಾಲಿಕ್ ಆಮ್ಲ, ವಿಟಮಿನ್ ಎ ವರ್ಗದ ರೆಟಿನಾಲ್, ವಿಟಮಿನ್ ಸಿ ಸೀರಮ್. ಗುಳ್ಳೆಗಳನ್ನು ಮೊಡವೆ ಎಂದುಕೊಂಡು ತಂದ ಬೆಂಜಾಯಿಲ್ ಪೆರಾಕ್ಸೈಡ್ ಜೆಲ್. ಸುವಾಸನೆಯ ಎರಡು ಮಾಯಿಶ್ಚರೈಸರ್. ತಾನೂ ಬಳಸುತ್ತೇನೆಂದು ತಂಗಿ ಕೊಟ್ಟ, ‘ಕಾಂತಿ’ಯ ಮಾತು ಹೇಳುವ ಒಂದು ಟ್ಯೂಬ್. ಸನ್‌ಸ್ಕ್ರೀನ್ ಕೂಡ ಇತ್ತು, ಕಣ್ಣು ಉರಿಯುತ್ತದೆಂದು ಅದೊಂದನ್ನು ಮಾತ್ರ ಮೂಲೆಗೆ ಹಾಕಿದ್ದರು. ಬಿಡಬೇಕಾದ್ದೆಲ್ಲ ಮುಖದ ಮೇಲೆ, ಬೇಕಾದ್ದು ಮೂಲೆಯಲ್ಲಿ!

ತಂಗಿಯ ಟ್ಯೂಬಿನ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಮೂರು ಹೆಸರು: ಹೈಡ್ರೊಕ್ವಿನೋನ್ (ಕಪ್ಪು ಕಲೆ ತಿಳಿಯಾಗಿಸುವುದು), ಟ್ರೆಟಿನಾಯಿನ್ (ವಿಟಮಿನ್ ಎ ವರ್ಗದ ಔಷಧ), ಮೊಮೆಟಸೋನ್. ಮೂರನೆಯದು ಸ್ಟೀರಾಯ್ಡ್. ಎಂಟು ತಿಂಗಳಿಂದ ದಿನವೂ ರಾತ್ರಿ ಹಚ್ಚುತ್ತಿದ್ದರು. “ಇದೊಂದೇ ಕೇಳೋದು ಮೇಡಂ. ನಾಲ್ಕು ದಿನ ಬಿಟ್ರೆ ಮುಖ ಹೊತ್ಕೊಂಡು ಉರಿಯುತ್ತೆ, ಹಚ್ಚಿದ್ರೆ ಬೆಳಗಾಗೋದ್ರಲ್ಲಿ ತಣ್ಣಗಾಗುತ್ತೆ” ಎಂದರು. ಪ್ರಕರಣದ ಗಂಟು ಇಲ್ಲೇ ಇತ್ತು. ಸ್ಟೀರಾಯ್ಡ್ ರಕ್ತನಾಳಗಳನ್ನು ಕುಗ್ಗಿಸಿ, ಉರಿಯೂತವನ್ನು ಅದುಮಿಡುತ್ತದೆ. ಹಾಗಾಗಿ ಕೆಂಪು ಬೇಗ ಇಳಿಯುತ್ತದೆ. ವಾರಗಟ್ಟಲೆ ಬಳಸಿದಾಗ ಚರ್ಮ ತೆಳುವಾಗುತ್ತದೆ, ಬಿಟ್ಟೊಡನೆ ನಾಳಗಳು ಮೊದಲಿಗಿಂತ ಹೆಚ್ಚು ಹಿಗ್ಗುತ್ತವೆ. ಬಿಟ್ಟಾಗ ಹೆಚ್ಚಾಗುವುದನ್ನು ಕಂಡವರು ಇದೇ ಮದ್ದು ಎಂದು ನಂಬುತ್ತಾರೆ. ನಂಬಿದ್ದಕ್ಕೆ ಅವರನ್ನು ದೂರುವಂತಿಲ್ಲ, ಕಣ್ಣೆದುರಿನ ಸಾಕ್ಷಿ ಹಾಗೆಯೇ ಕಾಣುತ್ತದೆ. ಬೀಟಾಮೆಥಸೋನ್, ಕ್ಲೊಬೆಟಸಾಲ್, ಫ್ಲೂಸಿನೊಲೋನ್ ಎಂಬ ಹೆಸರುಗಳಿದ್ದರೂ ಕಥೆ ಇದೇ.

ಟ್ಯೂಬನ್ನು ಅಂದೇ ಬಿಸಾಡಿ ಎಂದು ಹೇಳಲಿಲ್ಲ. ಯಾವಾಗ, ಹೇಗೆ ನಿಲ್ಲಿಸಬೇಕೆಂಬುದು ಚರ್ಮವೈದ್ಯರು ತೀರ್ಮಾನಿಸಬೇಕಾದ ವಿಷಯ. ಅದೇ ವಾರ ಅವರಲ್ಲಿಗೆ ಕಳುಹಿಸಿ, ಹನ್ನೊಂದು ವಸ್ತುಗಳ ಪಟ್ಟಿಯನ್ನೂ ಜೊತೆಗೆ ಕೊಟ್ಟೆ. ಆ ಭೇಟಿಯವರೆಗೆ ಸ್ಕ್ರಬ್, ಟೋನರ್, ಆಮ್ಲ, ರೆಟಿನಾಲ್, ವಿಟಮಿನ್ ಸಿ, ಬೆಂಜಾಯಿಲ್ ಪೆರಾಕ್ಸೈಡ್ ಮಾತ್ರ ನಿಲ್ಲಿಸಲು ಹೇಳಿದೆ.

ವೈದ್ಯರು ಗುರುತಿಸಿದ್ದು ರೊಸೇಶಿಯಾ, ಅಂದರೆ ಮುಖ ಪದೇ ಪದೇ ಕೆಂಪೇರಿ ಉರಿಯುವ ದೀರ್ಘಕಾಲದ ಚರ್ಮದ ಕಾಯಿಲೆ; ಅದರ ಮೇಲೆ ಸ್ಟೀರಾಯ್ಡಿನ ಹಾನಿ. ಮೊಡವೆಗೂ ಇದಕ್ಕೂ ಕಣ್ಣಿಗೆ ಕಾಣುವ ವ್ಯತ್ಯಾಸವೊಂದಿದೆ: ರೊಸೇಶಿಯಾದಲ್ಲಿ ಬ್ಲ್ಯಾಕ್‌ಹೆಡ್, ವೈಟ್‌ಹೆಡ್ ಇರುವುದಿಲ್ಲ. ಕೆಂಪು, ಗುಳ್ಳೆಗಳು ಮುಖದ ನಡುಭಾಗಕ್ಕೆ, ಅಂದರೆ ಕೆನ್ನೆ, ಮೂಗು, ಗದ್ದ, ಹಣೆಗೆ ಅಂಟಿಕೊಂಡಿರುತ್ತವೆ. ಗೋಧಿ ಬಣ್ಣದ, ಕಪ್ಪು ಬಣ್ಣದ ಚರ್ಮದಲ್ಲಿ ಕೆಂಪು ಎದ್ದು ಕಾಣದೆ, ಬರೀ ಬಿಸಿ, ಚುಚ್ಚು, ಉರಿ, ಗುಳ್ಳೆಗಳಾಗಿ ತೋರುವುದರಿಂದ ಪತ್ತೆ ತಡವಾಗುತ್ತದೆ. ಲೂಪಸ್ (ರೋಗನಿರೋಧಕ ಶಕ್ತಿ ಸ್ವಂತ ದೇಹದ ಮೇಲೇ ತಿರುಗುವ ಕಾಯಿಲೆ), ಸೆಬೊರಿಕ್ ಡರ್ಮಟೈಟಿಸ್ (ಜಿಡ್ಡಿನ ಜಾಗದ ಹೊಟ್ಟು, ಉರಿಯೂತ), ಅಲರ್ಜಿಯ ಡರ್ಮಟೈಟಿಸ್ ಕೂಡ ಕೆನ್ನೆ ಕೆಂಪಾಗಿಸುತ್ತವೆ. ಫೋಟೊ ನೋಡಿ ಹೆಸರಿಡುವ ಕೆಲಸ ಆಪ್ತಸಲಹೆಗಾರರದಲ್ಲ.

ಅವರು ಕೇಳಿದ ಮೊದಲ ಪ್ರಶ್ನೆ, ವಾಸಿಯಾಗುತ್ತದೆಯೇ? ಬೇರುಸಹಿತ ಹೋಗುವ ಕಾಯಿಲೆ ಇದಲ್ಲ, ಹತೋಟಿಯಲ್ಲಿಡಬಹುದು. ಇದನ್ನು ಮೆತ್ತಗೆ ಹೇಳಬೇಕು, ಆದರೆ ಹೇಳಲೇಬೇಕು; ಇಲ್ಲವಾದರೆ ‘ಇದೂ ಕೇಳಲಿಲ್ಲ’ ಎಂದು ಮುಂದಿನ ಹನ್ನೊಂದು ವಸ್ತುಗಳು ಬರುತ್ತವೆ.

ನೀಡಿದ ಸಲಹೆ

ಚರ್ಮದ ಹೊರಪದರ ಕಲ್ಲುಗಾರೆಯ ಗೋಡೆಯಿದ್ದಂತೆ, ಕೋಶಗಳು ಇಟ್ಟಿಗೆ, ನಡುವಿನ ಕೊಬ್ಬು ಗಾರೆ. ಇವರ ಗಾರೆ ಕಿತ್ತುಹೋಗಿತ್ತು. ಅದಕ್ಕೇ ನೀರು ಸೋಕಿದರೂ ಉರಿ. ಹೊಸತೇನನ್ನೂ ಹಚ್ಚುವ ಮುಂಚೆ ಕೆಲವು ವಾರ ಮೂರೇ ವಸ್ತು: ತೊಳೆಯಲು ಒಂದು, ತೇವಕ್ಕೆ ಒಂದು, ಬಿಸಿಲಿಗೆ ಒಂದು. ವೈದ್ಯರು ಬರೆದ ಔಷಧ ನಾಲ್ಕನೆಯದು.

ತೊಳೆಯುವುದಕ್ಕೆ ಸಾಬೂನು ಬೇಡ. ಸಾಬೂನಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) 9ರಿಂದ 10, ಚರ್ಮದ್ದು 5ರ ಆಸುಪಾಸು. ನೊರೆ ಬಾರದ, ಸುವಾಸನೆಯಿಲ್ಲದ ಕ್ಲೆನ್ಸರ್ ಸಾಕು. ರಾತ್ರಿ ಒಮ್ಮೆ ಅದರಿಂದ, ಬೆಳಿಗ್ಗೆ ಬರೀ ನೀರಿನಿಂದ. ನೀರು ಉಗುರುಬೆಚ್ಚಗಿರಲಿ. ಬೆರಳ ತುದಿಯಿಂದ ಹಗುರವಾಗಿ ಸವರಿ, ಮೂವತ್ತು ಸೆಕೆಂಡಿನೊಳಗೆ ತೊಳೆದು, ಮೆತ್ತನೆ ಬಟ್ಟೆಯಿಂದ ಒತ್ತಿ ಒಣಗಿಸಬೇಕು. ಬ್ರಷ್, ಸ್ಪಂಜು, ಒರಟು ಟವೆಲ್, ಹಬೆ ಬೇಡ. ತಲೆಸ್ನಾನದಲ್ಲಿ ಬಿಸಿನೀರೂ ಶಾಂಪೂ ನೊರೆಯೂ ಮುಖದ ಮೇಲೆ ಇಳಿಯುವುದನ್ನು ಬಹುತೇಕರು ಮರೆಯುತ್ತಾರೆ. ತಲೆ ಹಿಂದಕ್ಕೆ ಬಾಗಿಸಿ ತೊಳೆದರೆ ಆ ಕಿರಿಕಿರಿ ಅರ್ಧ ಕಡಿಮೆ.

ಇನ್ನು ಔಷಧ ಹಚ್ಚುವ ಹೊತ್ತು. ಒದ್ದೆ ಮುಖಕ್ಕೆ ಔಷಧ ಹಚ್ಚಿದರೆ ಚುರುಗುಟ್ಟುತ್ತದೆ. ತೊಳೆದ ಮೇಲೆ ಹತ್ತು ನಿಮಿಷ ಬಿಟ್ಟು, ಪೂರ್ತಿ ಒಣಗಿದ ಮೇಲೆ ಹಚ್ಚಿ, ಮತ್ತೆ ಹತ್ತು ನಿಮಿಷದ ನಂತರ ಮಾಯಿಶ್ಚರೈಸರ್. ಆಗಲೂ ಉರಿದರೆ ಮೊದಲು ಮಾಯಿಶ್ಚರೈಸರ್, ಮೇಲೆ ಔಷಧ. ಸೆರಮೈಡ್, ಗ್ಲಿಸರಿನ್, ಡೈಮೆಥಿಕೋನ್, ಪೆಟ್ರೊಲೇಟಂ ಇರುವ, ಒಳವಸ್ತುಗಳ ಪಟ್ಟಿ ಚಿಕ್ಕದಾದ ಕ್ರೀಮ್ ಹುಡುಕಲು ಹೇಳಿದೆ. ‘ವಾಸನೆಯಿಲ್ಲದ್ದು’ ಎಂದು ಬರೆದಿದ್ದರೆ ಸಾಲದು; ಮೂಲವಾಸನೆ ಅಡಗಿಸಲು ಅದರಲ್ಲೂ ಸುಗಂಧದ್ರವ್ಯ ಬೆರೆಸಿರಬಹುದು. ‘ಫ್ರ್ಯಾಗ್ರೆನ್ಸ್ ಫ್ರೀ’ ಎಂದಿದ್ದು, ಒಳಪಟ್ಟಿಯಲ್ಲಿ ‘ಪರ್ಫ್ಯೂಮ್’ ಇಲ್ಲದಿರಬೇಕು. ಮೆಂಥಾಲ್, ಕರ್ಪೂರ, ನೀಲಗಿರಿ ಎಣ್ಣೆ, ವಿಚ್ ಹೇಝಲ್ ಗಿಡದ ಸಾರ ಕಂಡರೆ ಕೆಳಗಿಟ್ಟುಬಿಡಿ. ‘ನೈಸರ್ಗಿಕ’ ಎಂಬ ಪದ ಯಾವ ಭರವಸೆಯನ್ನೂ ಕೊಡುವುದಿಲ್ಲ.

ಸನ್‌ಸ್ಕ್ರೀನ್ ಉರಿಯುತ್ತದೆಂದು ಬಿಡುವುದು ದೊಡ್ಡ ನಷ್ಟ, ಬಿಸಿಲೇ ಬಹಳ ಮಂದಿಗೆ ಮುಖ್ಯ ಪ್ರಚೋದಕ. ಬಿಸಿಲು ಹೀರಿಕೊಳ್ಳುವ ರಾಸಾಯನಿಕ ಫಿಲ್ಟರ್ ಇರುವುದು ಚುಚ್ಚಿದರೆ ಜಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಇರುವ, ಎಸ್‌ಪಿಎಫ್ (ಬಿಸಿಲಿನಿಂದ ಕಾಯುವ ಮಟ್ಟ) 30 ಅಥವಾ ಹೆಚ್ಚಿನದು ಸಾಮಾನ್ಯವಾಗಿ ಒಗ್ಗುತ್ತದೆ. ಬಿಳಿ ಪದರ ಕಾಣುವುದು ಬೇಡವೆನ್ನುವವರಿಗೆ ಐರನ್ ಆಕ್ಸೈಡ್ ಬೆರೆತ ಬಣ್ಣದ್ದು ಸಿಗುತ್ತದೆ, ಕೆಂಪನ್ನೂ ಮರೆಮಾಚುತ್ತದೆ. ಅಳತೆ: ತೋರುಬೆರಳು, ನಡುಬೆರಳುಗಳ ಉದ್ದಕ್ಕೆ ಎಳೆದ ಎರಡು ಗೆರೆ, ಮುಖಕ್ಕೂ ಕುತ್ತಿಗೆಗೂ ಸೇರಿ. ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ.

ಹೊಸ ವಸ್ತು ಯಾವುದಾದರೂ ಕಿವಿಯ ಕೆಳಗೆ, ದವಡೆಯಂಚಿನಲ್ಲಿ ಒಂದು ನಾಣ್ಯದಗಲ ಜಾಗದಲ್ಲಿ ವಾರವಿಡೀ ದಿನಕ್ಕೆರಡು ಸಲ ಹಚ್ಚಿ ನೋಡಬೇಕು. ಒಂದು ಹೊತ್ತಿನ ಪರೀಕ್ಷೆ ಏನೂ ಹೇಳದು, ಅಲರ್ಜಿ ತಡವಾಗಿ ತಲೆಯೆತ್ತುತ್ತದೆ. ಎರಡು ಹೊಸತನ್ನು ಒಟ್ಟಿಗೆ ಶುರುಮಾಡಿದರೆ ಯಾವುದು ತಪ್ಪಿತಸ್ಥ ಎಂದು ತಿಳಿಯುವುದೇ ಇಲ್ಲ.

ವೈದ್ಯರು ಸ್ಟೀರಾಯ್ಡ್ ನಿಲ್ಲಿಸಿ, ಗರ್ಭಿಣಿಯಲ್ಲವೆಂದು ಖಚಿತಪಡಿಸಿಕೊಂಡು ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಮಾತ್ರೆ ಬರೆದಿದ್ದರು. ಚರ್ಮ ತುಸು ಶಾಂತವಾದ ಮೇಲೆ ಐವರ್ಮೆಕ್ಟಿನ್ 1% ಕ್ರೀಮ್, ದಿನಕ್ಕೊಮ್ಮೆ. ಮಾತ್ರೆಯನ್ನು ತುಂಬಿದ ಲೋಟ ನೀರಿನೊಂದಿಗೆ ನುಂಗಬೇಕು, ನುಂಗಿದೊಡನೆ ಮಲಗಬಾರದು, ಅನ್ನನಾಳ ಸುಡುತ್ತದೆ. ಬಿಸಿಲಿಗೆ ಚರ್ಮ ಇನ್ನಷ್ಟು ನಾಜೂಕಾಗುವುದರಿಂದ ಸನ್‌ಸ್ಕ್ರೀನ್ ತಪ್ಪುವಂತಿಲ್ಲ. ಕ್ರೀಮನ್ನು ಬಟಾಣಿ ಕಾಳಿನಷ್ಟರಂತೆ ಹಣೆ, ಗದ್ದ, ಮೂಗು, ಎರಡು ಕೆನ್ನೆಗಳಿಗೆ ತೆಳುವಾಗಿ ಹಚ್ಚುವುದು. ಬೇರೆಯವರಿಗೆ ಮೆಟ್ರೊನಿಡಝೋಲ್ ಅಥವಾ ಅಝಲೈಕ್ ಆಮ್ಲ 15% ಬರೆಯಬಹುದು. ಅಝಲೈಕ್ ಆರಂಭದ ವಾರಗಳಲ್ಲಿ ಚುಚ್ಚುವುದು ಸಾಮಾನ್ಯ. ಯಾವುದೇ ಆಗಲಿ ಫಲ ಅಳೆಯಲು 12 ವಾರ ಬೇಕು. ಸಾಮಾನ್ಯವಾಗಿ ಜನ ಮೂರನೇ ವಾರದಲ್ಲಿ ಕೈಬಿಡುತ್ತಾರೆ.

ಆಪ್ತಸಲಹೆಯ ನಿಜವಾದ ಕೆಲಸ ಇಲ್ಲಿಂದ ಶುರು. ಸ್ಟೀರಾಯ್ಡ್ ಬಿಟ್ಟ ಮೊದಲ ವಾರಗಳಲ್ಲಿ ಮುಖ ಮೊದಲಿಗಿಂತ ಕೆಟ್ಟು ಕಾಣುತ್ತದೆ, ಆ ಹೊತ್ತಿನಲ್ಲಿ ಏನನ್ನೂ ಹಚ್ಚದೆ ಕೂರುವುದು ಕಷ್ಟ. ಇದನ್ನು ಮುಂಚೆಯೇ ಹೇಳಿಟ್ಟಿದ್ದರಿಂದ ಅವರು ಗಾಬರಿಯಾಗಲಿಲ್ಲ ಎನ್ನಲಾರೆ. ಗಾಬರಿಯಾದರು, ಆದರೆ ಟ್ಯೂಬ್ ಮುಟ್ಟಲಿಲ್ಲ. ಟ್ಯೂಬನ್ನು ಮನೆಯಲ್ಲಿ ಇಟ್ಟುಕೊಳ್ಳದೆ ವೈದ್ಯರ ಬಳಿ ಬಿಟ್ಟುಬರಲು ಹೇಳಿದ್ದು ಉಪಯೋಗಕ್ಕೆ ಬಂತು. ಉರಿ ಏರಿದಾಗ ತಣ್ಣೀರಲ್ಲಿ ಹಿಂಡಿದ ಬಟ್ಟೆ, ಐದು ನಿಮಿಷ. ಐಸನ್ನು ನೇರ ಇಡುವಂತಿಲ್ಲ.

ಮುಖ ನೋಡಿಕೊಳ್ಳುವ ಚಟಕ್ಕೆ ಕಡಿವಾಣ ಹಾಕಿದೆವು: ಕನ್ನಡಿ ದಿನಕ್ಕೆರಡು ಸಲ, ತೋಳಿನಷ್ಟು ದೂರದಿಂದ, ಹಿಗ್ಗಿಸಿ ತೋರುವ ಕನ್ನಡಿ ಮನೆಯಿಂದ ಹೊರಕ್ಕೆ. ಫೋಟೊ ಎರಡು ವಾರಕ್ಕೊಮ್ಮೆ, ಅದೇ ಕಿಟಕಿ, ಅದೇ ಹೊತ್ತು. ಗಂಟೆಗೊಮ್ಮೆ ನೋಡುವವರಿಗೆ ಏರಿಳಿತವಷ್ಟೇ ಕಾಣುತ್ತದೆ, ಸುಧಾರಣೆ ಕಾಣುವುದಿಲ್ಲ. ಪ್ರಚೋದಕಗಳ ಟಿಪ್ಪಣಿಗೂ ಮಿತಿ ಹಾಕಿದೆ. ಕೆಂಪೇರಿದಾಗ ಹಿಂದಿನ ಒಂದೆರಡು ಗಂಟೆಯ ಬಿಸಿಲು, ಸೆಕೆ, ಬಿಸಿ ಪಾನೀಯ, ಖಾರ, ಮದ್ಯ, ವ್ಯಾಯಾಮ, ಸಿಟ್ಟು ಇಷ್ಟನ್ನೇ ಒಂದು ಸಾಲಿನಲ್ಲಿ ಬರೆಯುವುದು, ಅದೂ ನಾಲ್ಕು ವಾರ ಮಾತ್ರ. ಅವರಿಗೆ ಸಿಕ್ಕಿದ್ದು ಎರಡು: ಮಧ್ಯಾಹ್ನದ ಬಿಸಿಲು, ಕುದಿಬಿಸಿ ಪಾನೀಯ. ಖಾರದಿಂದ ಏನೂ ಆಗುತ್ತಿರಲಿಲ್ಲ, ಸುಮ್ಮನೆ ಎರಡು ವರ್ಷ ಬಿಟ್ಟಿದ್ದರು. ಪಾನೀಯವನ್ನು ಆರಿಸಿ ಕುಡಿದರೆ ಸಾಕಾಯಿತು.

ತರಗತಿಯ ಭಯಕ್ಕೆ ಒಂದು ಪ್ರಯೋಗ. ಪಾಠದ ನಡುವೆ ಮುಖ ಬಿಸಿಯಾದಾಗ ‘ಎಷ್ಟು ಕೆಂಪಾಗಿ ಕಾಣುತ್ತಿದ್ದೇನೆ’ ಎಂದು ನೂರಕ್ಕೆ ಅಂಕ ಊಹಿಸುವುದು, ಅದೇ ಪಾಠದ ವಿಡಿಯೊ ನೋಡಿ ಮತ್ತೆ ಅಂಕ ಕೊಡುವುದು. ಊಹೆ 90 ಇತ್ತು, ವಿಡಿಯೊಗೆ ಅವರೇ ಕೊಟ್ಟದ್ದು 40. ಒಳಗಿನ ಬಿಸಿಯನ್ನು ಹೊರಗಿನ ಬಣ್ಣವೆಂದು ಲೆಕ್ಕ ಹಾಕುತ್ತಿದ್ದರು. ಯಾರಾದರೂ ಕೇಳಿದರೆ ಹೇಳಲು ಒಂದು ವಾಕ್ಯವನ್ನೂ ಸಿದ್ಧಪಡಿಸಿಕೊಂಡೆವು: “ಚರ್ಮದ ತೊಂದರೆ, ಅಂಟೋದಲ್ಲ, ಚಿಕಿತ್ಸೆ ನಡೀತಿದೆ.” ಅಷ್ಟು ಹೇಳಿ ಪಾಠಕ್ಕೆ ಮರಳುವುದು. ನಿದ್ದೆ, ಹಸಿವು, ಉತ್ಸಾಹ ಕುಂದಿದೆಯೇ ಎಂದೂ ಕೇಳಿದ್ದೆ; ಇವರಿಗೆ ಖಿನ್ನತೆಯ ಲಕ್ಷಣ ಇರಲಿಲ್ಲ, ಇದ್ದಿದ್ದರೆ ಮನೋವೈದ್ಯರ ಭೇಟಿ ಅಗತ್ಯವಿತ್ತು.

ಕಣ್ಣಿನ ಮಾತು ಅವರಿಗೆ ಹೊಳೆದಿರಲಿಲ್ಲ. ಮರಳು ಬಿದ್ದಂತೆ ಚುಚ್ಚುವುದು, ಒಣಗುವುದು, ರೆಪ್ಪೆಯಂಚು ಕೆಂಪಾಗುವುದು ರೊಸೇಶಿಯಾದ ಭಾಗವೇ ಇರಬಹುದು. ನೋವು, ಬೆಳಕು ಸಹಿಸಲಾಗದಿರುವುದು, ಮಸುಕು ಇದ್ದರೆ ನೇತ್ರತಜ್ಞರನ್ನು ತಡಮಾಡದೆ ಕಾಣಬೇಕು.

ನಾಲ್ಕು ತಿಂಗಳಿಗೆ ಗುಳ್ಳೆಗಳು ಬಹುತೇಕ ಹೋಗಿದ್ದವು, ನೀರು ಸೋಕಿದರೆ ಉರಿ ಇರಲಿಲ್ಲ. ನಡುವೆ ಒಮ್ಮೆ ಮದುವೆಮನೆಗೆಂದು ಹಳೆ ವಿಟಮಿನ್ ಸಿ ಸೀರಮ್ ಹಚ್ಚಿ ಮೂರು ದಿನ ಕೆಂಪಾಗಿ ಕೂತಿದ್ದರು. ಮೂಗಿನ ಪಕ್ಕದ ಎಳೆಎಳೆ ರಕ್ತನಾಳಗಳು ಹಾಗೆಯೇ ಇವೆ. ಅವು ಕ್ರೀಮಿಗೆ ಹೋಗುವುದಿಲ್ಲ, ಲೇಸರ್ ಅಥವಾ ಐಪಿಎಲ್ (ತೀವ್ರ ಬೆಳಕಿನ ಮಿಡಿತಗಳ ಚಿಕಿತ್ಸೆ) ಬೇಕು. ಕಂದು ಚರ್ಮದಲ್ಲಿ ಕಪ್ಪು ಕಲೆ ಉಳಿಯುವ ಸಾಧ್ಯತೆ ಇರುವುದರಿಂದ ಅನುಭವಿಗಳಿಂದಲೇ ಮಾಡಿಸಬೇಕು ಎಂದು ವೈದ್ಯರು ಹೇಳಿದ್ದಾರೆ. ಸದ್ಯ ಅದನ್ನು ಮುಂದಕ್ಕೆ ಹಾಕಿದ್ದಾರೆ, ತರಗತಿಗೆ ಹೋಗುತ್ತಿದ್ದಾರೆ.